ತಾಮ್ರದ ಊರಿಗೆ ಹೋದರೆ ಮೊದಲು ನೀರಿನ ಬಗ್ಗೆ ಕೇಳಿ

ಗಣಿ ಊರಿಗೆ ಹೊರಗಿನವರು ಹೋದರೆ ಅವರಿಗೆ ಎರಡು ಸಂಗತಿ ತೋರಿಸುತ್ತಾರೆ. ಒಂದು, ದೊಡ್ಡ ಗುಂಡಿ. ಇನ್ನೊಂದು, ಆ ಗುಂಡಿಯಿಂದ ವರ್ಷಕ್ಕೆ ಎಷ್ಟು ಟನ್ ತೆಗೆಯುತ್ತೇವೆ ಎನ್ನುವ ಲೆಕ್ಕ. ಎರಡೂ ನೋಡುವವರ ಬಾಯಿ ಮುಚ್ಚಿಸುವಷ್ಟು ದೊಡ್ಡವು. ಗುಂಡಿಯ ಅಂಚಿನಲ್ಲಿ ನಿಂತರೆ ಕೆಳಗೆ ಓಡಾಡುವ ದೈತ್ಯ ಟಿಪ್ಪರುಗಳು ಇರುವೆಯ ಹಾಗೆ ಕಾಣುತ್ತವೆ. ಫೋಟೊ ತೆಗೆದುಕೊಂಡು ಬಂದುಬಿಡುತ್ತೇವೆ. ಆದರೆ ಪತ್ರಿಕೋದ್ಯಮ ಓದಿದ ನಮ್ಮಂಥವರು ಅಲ್ಲಿ ನೋಡಬೇಕಾದ್ದು ಗುಂಡಿಯನ್ನಲ್ಲ, ಆ ಊರಿನ ನಲ್ಲಿಯನ್ನು. ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಅದನ್ನು ಕುಡಿಯಬಹುದೇ, ಕೆಟ್ಟರೆ ಯಾರನ್ನು ಕೇಳಬೇಕು. ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಗಣಿಯ ಪೂರ್ತಿ ಕಥೆ ಸಿಕ್ಕಿದ ಹಾಗೆ.

ಜಾಂಬಿಯಾದ ಕಿಟ್ವೆ ಮತ್ತು ಅದರ ಸುತ್ತಲಿನ ತಾಮ್ರದ ಊರುಗಳನ್ನು ನೋಡಿ ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಆಫ್ರಿಕಾದ ಊರಿನ ಸಮಾಚಾರ ನಮಗೇಕೆ ಎನ್ನುವವರು ಸ್ವಲ್ಪ ತಾಳಿ. ಈ ಕಥೆಯ ಒಂದು ಮುಖ್ಯ ಭಾಗ ನಡೆದಿರುವುದು ನಮ್ಮ ಬೆಂಗಳೂರಿನಲ್ಲೇ.

ಊರು ಹೇಗಿದೆ

ರಾಜಧಾನಿ ಲುಸಾಕಾದಿಂದ ಕಿಟ್ವೆ ಉತ್ತರಕ್ಕೆ ಸುಮಾರು 350 ಕಿಲೋಮೀಟರ್. ಎಂಡೋಲಾ ದಾಟಿದರೆ ತಾಮ್ರದ ಸೀಮೆ. ಅದಕ್ಕೆ ಅವರು ಕಾಪರ್‌ಬೆಲ್ಟ್ ಎಂದೇ ಕರೆಯುತ್ತಾರೆ. ಲುವಾನ್ಶ್ಯಾ, ಕಿಟ್ವೆ, ಚಂಬಿಶಿ, ಚಿಂಗೋಲಾ, ಮುಫುಲಿರಾ ಹೀಗೆ ಒಂದರ ಪಕ್ಕ ಒಂದು ಗಣಿ ಊರು. ಆಚೆ ಗಡಿ ದಾಟಿದರೆ ಕಾಂಗೋ ದೇಶ, ಅಲ್ಲೂ ತಾಮ್ರ. ರಸ್ತೆಯಲ್ಲಿ ಬಸ್ಸಿಗಿಂತ ಲಾರಿಗಳೇ ಜಾಸ್ತಿ. ತಾಮ್ರದ ಹಲಗೆಗಳನ್ನು ಹೇರಿಕೊಂಡು ದಾರ್ ಎಸ್ ಸಲಾಮ್, ಡರ್ಬನ್ ಬಂದರುಗಳ ಕಡೆ ಹೊರಟವು. ರಸ್ತೆ ಬದಿಯಲ್ಲಿ ಇದ್ದಿಲಿನ ಮೂಟೆಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಿರುತ್ತಾರೆ. ತಾಮ್ರ ಹೊರಗೆ ಹೋಗಿ ವಿದೇಶದ ಕರೆಂಟಿನ ತಂತಿಯಾಗುತ್ತದೆ. ತಾಮ್ರ ಹುಟ್ಟಿದ ಊರಿನ ಎಷ್ಟೋ ಮನೆಗಳಲ್ಲಿ ಅಡುಗೆ ಇದ್ದಿಲಿನ ಮೇಲೆ.

ಕಿಟ್ವೆ ಹುಟ್ಟಿದ್ದೇ ಎನ್ಕಾನಾ ಗಣಿಗಾಗಿ, 1930ರ ದಶಕದಲ್ಲಿ. ಈಗ ಸುಮಾರು ಏಳು ಲಕ್ಷ ಜನ. ಊರನ್ನು ನಡೆದು ನೋಡಿದರೆ ಎರಡು ಊರು ಕಾಣುತ್ತವೆ. ಹಿಂದೆ ಬಿಳಿಯರು ಇದ್ದ ಬಡಾವಣೆಗಳಲ್ಲಿ ಅಗಲ ರಸ್ತೆ, ದೊಡ್ಡ ಕಾಂಪೌಂಡು, ಜಕರಂಡಾ ಮರ. ಕರಿಯ ಕೂಲಿಗಳಿಗೆಂದು ಕಟ್ಟಿದ ವುಸಕಿಲೆಯಂಥ ಲೈನ್ ಮನೆಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ಪುಟ್ಟ ಗೂಡುಗಳು. ನಡುವೆ ಚಿಸೊಕೊನೆ ಮಾರುಕಟ್ಟೆ. ಒಣಗಿಸಿದ ಕಪೆಂಟಾ ಎಂಬ ಸಣ್ಣ ಮೀನು, ಕುಂಬಳದ ಸೊಪ್ಪು, ಹಳೇ ಬಟ್ಟೆ, ಬಣ್ಣ ಬಣ್ಣದ ಚಿಟೆಂಗೆ ಬಟ್ಟೆ, ಮೊಬೈಲ್ ರಿಪೇರಿ ಎಲ್ಲ ಅಲ್ಲೇ. ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಎನ್ಶಿಮಾ. ನಮ್ಮ ಮುದ್ದೆಯ ಬಿಳಿ ತಮ್ಮ ಎನ್ನಬಹುದು. ಕೈಯಲ್ಲೇ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೆ ಅದ್ದಿ ತಿನ್ನುತ್ತಾರೆ. ಭಾರತದವರನ್ನು ಅಲ್ಲಿ 'ಮ್ವೆನ್ಯೆ' ಅನ್ನುತ್ತಾರೆ. ತಲೆಮಾರುಗಳಿಂದ ಅಂಗಡಿ ಇಟ್ಟಿರುವ ಗುಜರಾತಿಗಳಿಂದಾಗಿ ನಾವು ಅವರಿಗೆ ಹೊಸಬರಲ್ಲ.

ಇತ್ತೀಚಿನ ವರ್ಷಗಳಲ್ಲಿ ಭಾರತ ಎಂದರೆ ಅವರಿಗೆ ಅಂಗಡಿ ಮಾತ್ರವಲ್ಲ, ಒಂದು ಕಂಪನಿಯೂ ನೆನಪಾಗುತ್ತದೆ. ಅದಕ್ಕೆ ಬರುತ್ತೇನೆ.

ಯಜಮಾನರು ಬದಲಾದರು

ಈ ತಾಮ್ರದ ಒಡೆತನದ ಕಥೆ ಸ್ವಲ್ಪ ತಿಳಿದಿರಬೇಕು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಖನಿಜದ ರಾಯಧನ ಹೋಗುತ್ತಿದ್ದದ್ದು ಸೆಸಿಲ್ ರೋಡ್ಸ್ ಕಟ್ಟಿದ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿಗೆ. 1964ರ ಅಕ್ಟೋಬರ್ 24ರಂದು ಜಾಂಬಿಯಾ ಸ್ವತಂತ್ರವಾಯಿತು. ಆ ಹಕ್ಕನ್ನು ಬಿಟ್ಟುಕೊಡಲು ಕಂಪನಿ ಕೊನೆ ಗಳಿಗೆಯವರೆಗೂ ಚೌಕಾಸಿ ಮಾಡಿ, ಹಣ ಪಡೆದೇ ಬಿಟ್ಟಿತು. ಕೂಲಿ ಹೆಚ್ಚು ಕೇಳಿದವರಿಗೆ ಗುಂಡಿನ ಉತ್ತರವೂ ಸಿಕ್ಕಿತ್ತು. 1935ರ ಮುಷ್ಕರದಲ್ಲಿ ಲುವಾನ್ಶ್ಯಾದಲ್ಲಿ ಪೊಲೀಸರ ಗುಂಡಿಗೆ ಆರು ಜನ ಸತ್ತರು.

ಸ್ವಾತಂತ್ರ್ಯದ ನಂತರ ಅಧ್ಯಕ್ಷ ಕೆನೆತ್ ಕೌಂಡಾ 1969ರಲ್ಲಿ ಗಣಿಗಳ ಶೇ 51ರಷ್ಟು ಪಾಲನ್ನು ಸರ್ಕಾರಕ್ಕೆ ತೆಗೆದುಕೊಳ್ಳುವುದಾಗಿ ಸಾರಿದರು. 1982ರಲ್ಲಿ ಎಲ್ಲ ಸೇರಿ ಜೆಡ್‌ಸಿಸಿಎಂ ಎಂಬ ಒಂದೇ ಸರ್ಕಾರಿ ಕಂಪನಿಯಾಯಿತು. ಹಳಬರು ಈಗಲೂ ಕಣ್ಣರಳಿಸಿ ಹೇಳುವುದು ಆ ಕಾಲದ ಮಾತನ್ನೇ. ಕಂಪನಿಯೇ ಮನೆ ಕೊಡುತ್ತಿತ್ತು, ಆಸ್ಪತ್ರೆ ನಡೆಸುತ್ತಿತ್ತು, ಶಾಲೆ ನಡೆಸುತ್ತಿತ್ತು, ಫುಟ್‌ಬಾಲ್ ತಂಡ ಸಾಕುತ್ತಿತ್ತು. ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರನ್ನು ಮಾತನಾಡಿಸಿದೆ. ಅಲ್ಲಿ ವಯಸ್ಸಾದವರನ್ನು 'ಬಶಿಕುಲು' ಎನ್ನುತ್ತಾರೆ, ಅಜ್ಜನವರು ಎಂದ ಹಾಗೆ. ಆ ಅಜ್ಜ ಹೇಳಿದ್ದು ಇಷ್ಟೇ: "ಮನೆಯ ಬಲ್ಬು ಹೋದರೂ ಕಂಪನಿಯವರೇ ಬಂದು ಹಾಕಿ ಹೋಗುತ್ತಿದ್ದರು."

ಆ ಕಾಲ ಸುವರ್ಣಯುಗವಾಗಿತ್ತು ಎಂದು ನಾನು ನಂಬುವುದಿಲ್ಲ. 1970ರ ಸೆಪ್ಟೆಂಬರಿನಲ್ಲಿ ಮುಫುಲಿರಾ ಗಣಿಯ ನೆತ್ತಿ ಮೇಲಿದ್ದ ತ್ಯಾಜ್ಯದ ಕೆಸರು ಸುರಂಗಕ್ಕೆ ಕುಸಿದು ರಾತ್ರಿ ಪಾಳಿಯ 89 ಜನ ಸತ್ತರು. ಅದೇ ಊರಿನಲ್ಲಿ ಕುಲುಮೆಯ ಗಂಧಕದ ಹೊಗೆಗೆ ಜನ 'ಸೆಂಟಾ' ಎಂದು ಹೆಸರನ್ನೇ ಇಟ್ಟುಬಿಟ್ಟರು. ಆದರೂ ಒಂದು ವ್ಯತ್ಯಾಸವಿತ್ತು. ತಪ್ಪಾದರೆ ಬೈಯಲು ಒಬ್ಬ ಯಜಮಾನ ಅದೇ ದೇಶದಲ್ಲಿ, ಅದೇ ಊರಿನಲ್ಲಿ ಸಿಗುತ್ತಿದ್ದ.

1970ರ ದಶಕದ ನಡುವಿನಲ್ಲಿ ತಾಮ್ರದ ಬೆಲೆ ಬಿತ್ತು. ಸಾಲ ಏರಿತು. ಸಾಲ ಕೊಟ್ಟವರು ಗಣಿ ಮಾರಿ ಎಂದರು. 1997ರಿಂದ 2000ದೊಳಗೆ ಗಣಿಗಳು ತುಂಡು ತುಂಡಾಗಿ ಮಾರಾಟವಾದವು. ಗುಟ್ಟಾಗಿ ಮಾಡಿಕೊಂಡ ಒಪ್ಪಂದಗಳಲ್ಲಿ ದೊಡ್ಡ ಗಣಿಗಳಿಗೆ ರಾಯಧನ ಬರೀ ಶೇ 0.6 ಎಂದು ಬರೆದುಕೊಟ್ಟಿದ್ದರು. ಅದಾದ ಕೆಲವೇ ವರ್ಷಕ್ಕೆ ತಾಮ್ರದ ಬೆಲೆ ಮತ್ತೆ ಗಗನಕ್ಕೇರಿತು. ಲಾಭ ಬಂದಾಗ ಕೈಯಲ್ಲಿ ಗಣಿ ಇರಲಿಲ್ಲ. 2008ರಲ್ಲಿ ಹೆಚ್ಚುವರಿ ಲಾಭಕ್ಕೆ ತೆರಿಗೆ ಹಾಕಿ ನೋಡಿದರು, ಮರುವರ್ಷವೇ ಅದನ್ನು ಹಿಂದಕ್ಕೆ ಪಡೆದರು.

ಬೆಂಗಳೂರಿನ ಭಾಷಣ

ಚಿಂಗೋಲಾದ ಎನ್ಚಂಗಾ ಗಣಿ ಜಗತ್ತಿನ ಅತಿ ದೊಡ್ಡ ತೆರೆದ ತಾಮ್ರದ ಗುಂಡಿಗಳಲ್ಲಿ ಒಂದು. ಅದನ್ನು ನಡೆಸುವ ಕೊಂಕೊಲಾ ಕಾಪರ್ ಮೈನ್ಸ್, ಅಂದರೆ ಕೆಸಿಎಂ ಕಂಪನಿಯನ್ನು ಮೊದಲು ಆಂಗ್ಲೊ ಅಮೆರಿಕನ್ ಕೊಂಡಿತ್ತು. 2002ರಲ್ಲಿ ಅದು ಬಿಟ್ಟು ಹೋಯಿತು. 2004ರಲ್ಲಿ ಶೇ 51ರಷ್ಟು ಪಾಲನ್ನು ಅನಿಲ್ ಅಗರ್ವಾಲ್ ಅವರ ವೇದಾಂತ 2.5 ಕೋಟಿ ಡಾಲರಿಗೆ ಕೊಂಡಿತು. ನಂತರ ಪಾಲು ಶೇ 79ಕ್ಕೆ ಏರಿತು. ಇದೇ ವೇದಾಂತ ಸಮೂಹದ ಸೇಸಾ ಕಂಪನಿ ನಮ್ಮ ಚಿತ್ರದುರ್ಗದ ಮೇಗಳಹಳ್ಳಿ ಬಳಿ ಕಬ್ಬಿಣದ ಅದಿರು ತೆಗೆಯುವುದು. ಇದೇ ಸಮೂಹದ ತೂತ್ತುಕುಡಿಯ ತಾಮ್ರದ ಕಾರ್ಖಾನೆ ವಿರುದ್ಧದ ಹೋರಾಟದಲ್ಲಿ 2018ರ ಮೇ ತಿಂಗಳಲ್ಲಿ ಪೊಲೀಸ್ ಗುಂಡಿಗೆ 13 ಜನ ಬಲಿಯಾದದ್ದು.

2014ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಡೆದ ವ್ಯಾಪಾರಿಗಳ ಸಮಾವೇಶವೊಂದರಲ್ಲಿ ಅಗರ್ವಾಲ್ ಈ ಗಣಿ ಕೊಂಡ ಕಥೆ ಹೇಳಿದರು. ಎಷ್ಟು ಅಗ್ಗಕ್ಕೆ ಸಿಕ್ಕಿತು, ವರ್ಷವರ್ಷವೂ ಕನಿಷ್ಠ 50 ಕೋಟಿ ಡಾಲರ್ ಹೇಗೆ ತಂದುಕೊಡುತ್ತಿದೆ ಎಂದು. ಆ ವಿಡಿಯೊ ಹೊರಬಿದ್ದದ್ದೇ ತಡ ಜಾಂಬಿಯಾದಲ್ಲಿ ಬೆಂಕಿ ಬಿದ್ದ ಹಾಗಾಯಿತು. ಏಕೆಂದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ, 2013ರ ಕೊನೆಯಲ್ಲಿ, ಅದೇ ಕೆಸಿಎಂ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಮನೆಗೆ ಕಳುಹಿಸುವ ಮಾತಾಡಿತ್ತು.

ಇದರಲ್ಲಿ ನಮ್ಮ ವೃತ್ತಿಗೆ ಒಂದು ಪಾಠವಿದೆ. ಕಂಪನಿಯವರು ಊರಿನ ಜನರ ಮುಂದೆ ಒಂದು ಲೆಕ್ಕ ಹೇಳುತ್ತಾರೆ, ತಮ್ಮವರ ಸಭೆಯಲ್ಲಿ ಇನ್ನೊಂದು. ಎರಡನೆಯದು ನಡೆಯುವುದು ಗಣಿಯಿಂದ ಸಾವಿರಾರು ಮೈಲಿ ದೂರದ ಎಸಿ ಹಾಲಿನಲ್ಲಿ. ಗಣಿ ಊರಿನ ಸುದ್ದಿ ಗಣಿ ಊರಿನಲ್ಲೇ ಸಿಗಬೇಕೆಂದಿಲ್ಲ. ಅದು ನಾವು ಕೂತ ಊರಿನಲ್ಲೂ ಸಿಗಬಹುದು.

ನದಿಯ ಕಡೆಗೆ

ಈಗ ನೀರಿನ ವಿಷಯ. ಕಾಪರ್‌ಬೆಲ್ಟಿನ ನಡುವೆ ಕಫುಯೆ ನದಿ ಹರಿಯುತ್ತದೆ. ಪೂರ್ತಿಯಾಗಿ ಜಾಂಬಿಯಾದೊಳಗೇ ಹರಿಯುವ ಅತಿ ಉದ್ದದ ನದಿ ಇದು. ಕೊನೆಗೆ ಜಾಂಬೆಜಿಗೆ ಸೇರುತ್ತದೆ. ದೇಶದ ಎರಡು ಕೋಟಿ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬದುಕಿರುವುದು ಇದರ ಜಲಾನಯನದಲ್ಲಿ. ಗಣಿಗಳು ಬಿಟ್ಟ ನೀರು ಕೂಡುವುದೂ ಇಲ್ಲಿಗೇ.

2006ರ ನವೆಂಬರಿನಲ್ಲಿ ಕೆಸಿಎಂನ ತ್ಯಾಜ್ಯದ ಪೈಪು ಒಡೆದು ಆಮ್ಲ ಬೆರೆತ ಕೆಸರು ಹೊಳೆಗೆ ಇಳಿಯಿತು. ನದಿ ನೀಲಿ ಬಣ್ಣಕ್ಕೆ ತಿರುಗಿತು. ಚಿಂಗೋಲಾದ ಸುಮಾರು 2,000 ಜನ ಕೋರ್ಟಿಗೆ ಹೋದರು. 2011ರಲ್ಲಿ ಹೈಕೋರ್ಟ್ ಕಂಪನಿಯೇ ಹೊಣೆ ಎಂದಿತು, ಎಲ್ಲರಿಗೂ ಪರಿಹಾರ ಕೊಡಿ ಎಂದಿತು. 2015ರಲ್ಲಿ ಸುಪ್ರೀಂ ಕೋರ್ಟ್ ಹೊಣೆಯನ್ನು ಎತ್ತಿಹಿಡಿಯಿತು, ಆದರೆ ಪರಿಹಾರವನ್ನು ವೈದ್ಯಕೀಯ ದಾಖಲೆ ಇದ್ದವರಿಗಷ್ಟೇ ಮಿತಿಗೊಳಿಸಿತು. ಹೊಳೆ ದಂಡೆಯಲ್ಲಿ ಜೋಳ ಬೆಳೆದುಕೊಂಡಿರುವವರ ಹತ್ತಿರ ಡಾಕ್ಟರ ಚೀಟಿ ಎಲ್ಲಿಂದ ಬರಬೇಕು? ಎರಡು ಸಾವಿರ ಜನರಲ್ಲಿ ಅಂಥವರು ಬೆರಳೆಣಿಕೆಯಷ್ಟು.

ಅದೇ ವರ್ಷ ಶಿಮುಲಾಲಾ, ಹಿಪ್ಪೊ ಪೂಲ್ ಮುಂತಾದ ನಾಲ್ಕೈದು ಹಳ್ಳಿಗಳ 1,826 ಜನ ಲಂಡನ್ನಿನಲ್ಲಿ ದಾವೆ ಹೂಡಿದರು. ಕೆಸಿಎಂ ಮೇಲೆ ಮಾತ್ರವಲ್ಲ, ಅದರ ಒಡೆಯ ವೇದಾಂತದ ಮೇಲೂ. ನಾವು ಷೇರುದಾರರಷ್ಟೇ, ಅಲ್ಲಿ ನಡೆದದ್ದಕ್ಕೆ ಅಲ್ಲಿನ ಕಂಪನಿ ಹೊಣೆ, ಕೇಸು ಇಲ್ಲಿ ನಡೆಯಬಾರದು ಎಂಬುದು ವೇದಾಂತದ ವಾದ. 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೇಸು ಇಲ್ಲೇ ನಡೆಯಬಹುದು ಎಂದಿತು. ಅದಕ್ಕೆ ಕೊಟ್ಟ ಕಾರಣ ಎರಡು. ಒಂದು, ಇಷ್ಟು ದೊಡ್ಡ ಕೇಸು ನಡೆಸಲು ಹಣ, ಅನುಭವಿ ವಕೀಲರು ಈ ಬಡವರಿಗೆ ಜಾಂಬಿಯಾದಲ್ಲಿ ಸಿಗುವುದಿಲ್ಲ. ಇನ್ನೊಂದು ಬಹಳ ಸ್ವಾರಸ್ಯದ್ದು. ನಮ್ಮ ಎಲ್ಲ ಗಣಿಗಳ ಪರಿಸರದ ಗುಣಮಟ್ಟ ನಾವೇ ನೋಡಿಕೊಳ್ಳುತ್ತೇವೆ ಎಂದು ವೇದಾಂತ ತನ್ನ ವರದಿಗಳಲ್ಲಿ ಹೇಳಿಕೊಂಡಿತ್ತು. ನೋಡಿಕೊಳ್ಳುತ್ತೇವೆ ಎಂದವರು ಹೊಣೆಯಿಂದ ಸುಲಭವಾಗಿ ಜಾರಿಕೊಳ್ಳಲಾಗದು ಎಂಬುದು ಕೋರ್ಟಿನ ಮಾತಿನ ಸಾರ. ಯಾರೂ ಓದುವುದಿಲ್ಲ ಎಂದುಕೊಂಡು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸುವ ಇಂಥ ವರದಿಗಳನ್ನು ಇನ್ನು ಮುಂದೆ ನಾವು ಸಾಲು ಸಾಲು ಓದಬೇಕು.

2021ರ ಜನವರಿಯಲ್ಲಿ ಕೇಸು ರಾಜಿಯಾಯಿತು. ಅಷ್ಟರಲ್ಲಿ ದಾವೆದಾರರ ಸಂಖ್ಯೆ 2,571ಕ್ಕೆ ಏರಿತ್ತು. ತಪ್ಪು ಒಪ್ಪಿಕೊಳ್ಳದೆಯೇ ಹಣ ಕೊಟ್ಟು ಮುಗಿಸಿದರು. ಈ ಮಧ್ಯೆ 2019ರಲ್ಲಿ ಜಾಂಬಿಯಾ ಸರ್ಕಾರ ಕೆಸಿಎಂಅನ್ನು ಕೈಗೆ ತೆಗೆದುಕೊಂಡಿತ್ತು. ಸರ್ಕಾರ ಬದಲಾಯಿತು, 2024ರಲ್ಲಿ ಗಣಿ ಮತ್ತೆ ವೇದಾಂತದ ಕೈಗೇ ಬಂತು.

ನಲ್ಲಿ ನಿಂತ ದಿನ

ಇದು ಹಳೇ ಕಥೆ, ಈಗ ಎಲ್ಲ ಸರಿಹೋಗಿರಬಹುದು ಎಂದುಕೊಳ್ಳುವವರಿಗೆ 2025ರ ಫೆಬ್ರುವರಿ 18ನ್ನು ನೆನಪಿಸಬೇಕು. ಕಿಟ್ವೆಯ ಹತ್ತಿರದ ಚಂಬಿಶಿಯಲ್ಲಿ ಚೀನಾ ಸರ್ಕಾರದ ಒಡೆತನದ ಸಮೂಹಕ್ಕೆ ಸೇರಿದ ಸೈನೊ ಮೆಟಲ್ಸ್ ಕಂಪನಿಯ ತ್ಯಾಜ್ಯದ ಕಟ್ಟೆ ಒಡೆಯಿತು. ಮೊದಲು ಹೇಳಿದ ಲೆಕ್ಕವೇ ಐದು ಕೋಟಿ ಲೀಟರ್. ಆಮ್ಲ, ಭಾರಲೋಹ ತುಂಬಿದ ಕೆಸರು ಮ್ವಂಬಶಿ ಹೊಳೆಯ ಮೂಲಕ ಕಫುಯೆಗೆ ನುಗ್ಗಿತು. ನೂರು ಕಿಲೋಮೀಟರ್ ಕೆಳಗೂ ಸತ್ತ ಮೀನು ತೇಲಿದವು. ದಂಡೆಯ ಜೋಳ, ಕಡಲೆಕಾಯಿ ಸುಟ್ಟುಹೋದವು. ಕಿಟ್ವೆಗೆ ನೀರು ಸರಬರಾಜನ್ನೇ ನಿಲ್ಲಿಸಬೇಕಾಯಿತು. ಏಳು ಲಕ್ಷ ಜನರ ಊರಿನ ನಲ್ಲಿ ಒಣಗಿತು. ಆಮ್ಲದ ಶಕ್ತಿ ಕುಂದಿಸಲು ಸರ್ಕಾರ ವಾಯುಪಡೆಯ ವಿಮಾನಗಳಿಂದ ನದಿಗೆ ಸುಣ್ಣ ಸುರಿಸಿತು. ಕಂಪನಿಯವರು ಕ್ಷಮೆ ಕೇಳಿದರು.

ವಿಮಾನದಿಂದ ನದಿಗೆ ಸುಣ್ಣ ಹಾಕುವ ಸ್ಥಿತಿ ಬರುವವರೆಗೆ ಆ ಕಟ್ಟೆಯನ್ನು ನೋಡಬೇಕಾದವರು ಎಲ್ಲಿದ್ದರು? ಈ ಪ್ರಶ್ನೆ ಚೀನಾದವರಿಗೆ ಮಾತ್ರವಲ್ಲ. ಅಲ್ಲಿ ಮಾತಾಡುವಾಗ ಕೆಲವರು ಚೀನಾದವರು ಕೆಟ್ಟವರು ಎನ್ನುತ್ತಾರೆ, ಕೆಲವರು ಮ್ವೆನ್ಯೆಗಳು ಕೆಟ್ಟವರು ಎನ್ನುತ್ತಾರೆ, ಬಿಳಿಯರ ಕಾಲವೇ ಒಳ್ಳೆಯದಿತ್ತು ಎನ್ನುವವರೂ ಸಿಗುತ್ತಾರೆ. ಇದು ಜಾತಿ ನೋಡಿ ಕಳ್ಳನನ್ನು ಹಿಡಿದ ಹಾಗೆ. ಬ್ರಿಟಿಷ್, ಸರ್ಕಾರಿ, ಭಾರತೀಯ, ಚೀನೀ, ಈಗ ಮೊಪಾನಿ ಗಣಿಯಲ್ಲಿ ಅಬುಧಾಬಿಯವರು, ಹೀಗೆ ಎಲ್ಲ ಬಣ್ಣದ ಯಜಮಾನರನ್ನೂ ಕಾಪರ್‌ಬೆಲ್ಟ್ ಕಂಡಿದೆ. ನದಿ ಎಲ್ಲರ ಕಾಲದಲ್ಲೂ ಕೆಟ್ಟಿದೆ. ಕೆಡಿಸಿದ್ದರ ಖರ್ಚು ಕೆಡಿಸಿದವನ ಲೆಕ್ಕದಲ್ಲಿ ಬರದಿದ್ದರೆ ಯಾರು ಬಂದರೂ ಇದೇ ಗತಿ.

ಹಾಗಾದರೆ ಗಣಿ ಮುಚ್ಚಬೇಕೇ?

ಪರಿಸರದ ಬಗ್ಗೆ ಬರೆದ ಕೂಡಲೇ ಬರುವ ಪ್ರಶ್ನೆ ಇದು. ಕಿಟ್ವೆಯಲ್ಲಿ ನನಗೆ ಸಿಕ್ಕವರಲ್ಲಿ ಗಣಿ ಮುಚ್ಚಿ ಎಂದವರು ಒಬ್ಬರೂ ಇಲ್ಲ. ಗಣಿ ನಿಂತರೆ ಊರು ಏನಾಗುತ್ತದೆ ಎಂದು ಅವರು ಕಂಡಿದ್ದಾರೆ. ಊರಿನ ಪಕ್ಕದಲ್ಲೇ ಅದಕ್ಕೆ ಸಾಕ್ಷಿ ಇದೆ. ದಶಕಗಳ ಕಾಲ ಕುಲುಮೆಯಿಂದ ತಂದು ಸುರಿದ ಕಿಟ್ಟದ ದೊಡ್ಡ ಕರಿ ಗುಡ್ಡ ಅದು. ಬ್ಲಾಕ್ ಮೌಂಟನ್ ಎನ್ನುತ್ತಾರೆ. ಅದರೊಳಗೆ ಇನ್ನೂ ತಾಮ್ರ, ಕೋಬಾಲ್ಟ್ ಉಳಿದಿದೆ. ಕೆಲಸ ಸಿಗದ ಹುಡುಗರು ಅದನ್ನು ಕೆದರಿ ಬದುಕುತ್ತಾರೆ. ಅವರಿಗೆ 'ಜೆರಾಬೊ' ಎಂಬ ಹೆಸರು. 2018ರ ಜೂನಿನಲ್ಲಿ ಗುಡ್ಡ ಕುಸಿದು ಹತ್ತು ಜನ ಸತ್ತರು. 2023ರ ಕೊನೆಯಲ್ಲಿ ಚಿಂಗೋಲಾದ ಸೆಸೆಲಿಯಲ್ಲಿ ಮಳೆಗೆ ಮಣ್ಣು ಜಾರಿ ಇಂಥದೇ ಕೆಲಸ ಮಾಡುತ್ತಿದ್ದ ಮೂವತ್ತಕ್ಕೂ ಹೆಚ್ಚು ಜನ ಹೂತುಹೋದರೆಂಬ ಸುದ್ದಿ ಬಂತು. ಅಪ್ಪಂದಿರು ಸಂಬಳಕ್ಕೆ ತೆಗೆದ ಅದಿರಿನ ಕಸದಲ್ಲಿ ಮಕ್ಕಳು ಜೀವ ಒತ್ತೆ ಇಟ್ಟು ಹುಡುಕುತ್ತಿದ್ದಾರೆ. ಇಂಥ ಊರಿಗೆ ಹೋಗಿ ಗಣಿ ಬೇಡ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ.

ತಾಮ್ರಕ್ಕೆ ಬೇಡಿಕೆಯೂ ಇಳಿಯುವುದಿಲ್ಲ. ಪೆಟ್ರೋಲ್ ಕಾರಿಗಿಂತ ಬ್ಯಾಟರಿ ಕಾರಿಗೆ ಮೂರು ನಾಲ್ಕು ಪಟ್ಟು ತಾಮ್ರ ಬೇಕು. ಸೋಲಾರ್, ಗಾಳಿಯಂತ್ರ ಎಲ್ಲಕ್ಕೂ ಬೇಕು. 2024ರಲ್ಲಿ ಎಂಟು ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದ ವಾರ್ಷಿಕ ಉತ್ಪಾದನೆಯನ್ನು 2030ರ ದಶಕದ ಆರಂಭಕ್ಕೆ 30 ಲಕ್ಷ ಟನ್ನಿಗೆ ಏರಿಸುವುದು ಜಾಂಬಿಯಾ ಸರ್ಕಾರದ ಗುರಿ. ಅಂದರೆ ಗುಂಡಿಗಳು ಹೆಚ್ಚುತ್ತವೆ, ತ್ಯಾಜ್ಯದ ಕಟ್ಟೆಗಳೂ ಹೆಚ್ಚುತ್ತವೆ. ನದಿ ಮಾತ್ರ ಅದೇ ಒಂದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಗಣಿಗೆ ಪರವಾನಗಿ ಕೊಡುವ ಮೊದಲೇ, ಕಟ್ಟೆ ಒಡೆದರೆ ಬೇಕಾಗುವಷ್ಟು ಹಣವನ್ನು ಕಂಪನಿ ಆ ದೇಶದಲ್ಲೇ ಠೇವಣಿ ಇಡಬೇಕು. ಒಡೆದ ಮೇಲೆ ಕೊಡುತ್ತೇವೆ ಎಂಬ ಮಾತಿಗೆ ಕಫುಯೆ ದಂಡೆಯಲ್ಲಿ ಬೆಲೆಯಿಲ್ಲ. ನದಿ ನೀರಿನ ಪರೀಕ್ಷೆಯ ಫಲಿತಾಂಶ ಕಂಪನಿಯ ಕಡತದಲ್ಲಿ ಇರಬಾರದು. ವಾರವಾರ ಊರಿನ ಮಾರುಕಟ್ಟೆಯಲ್ಲಿ, ಜನರ ಭಾಷೆಯಲ್ಲಿ ಹಾಕಬೇಕು. ಲಾಭ ಮೇಲಿನ ಕಂಪನಿಗೆ ಹೋಗುವುದಾದರೆ ಹೊಣೆಯೂ ಮೇಲಿನ ಕಂಪನಿಗೇ ಹೋಗಬೇಕು. ಲಂಡನ್ನಿನ ತೀರ್ಪು ಆ ಬಾಗಿಲನ್ನು ಸ್ವಲ್ಪ ತೆರೆದಿದೆ. ಆದರೆ ಒಂದು ಹೊಳೆ ಕೆಟ್ಟದ್ದಕ್ಕೆ ಇನ್ನೊಂದು ಖಂಡಕ್ಕೆ ಹೋಗಿ ನ್ಯಾಯ ಕೇಳುವ ಸ್ಥಿತಿಯೇ ಅನ್ಯಾಯ. ಚಿಂಗೋಲಾದ ರೈತನಿಗೆ ಚಿಂಗೋಲಾದಲ್ಲೇ ನ್ಯಾಯ ಸಿಗಬೇಕು.

ಇನ್ನು ನಮ್ಮ ಪಾಲಿನದು. ಭಾರತ ಸರ್ಕಾರ ಜಾಂಬಿಯಾದಲ್ಲಿ ತಾಮ್ರ, ಕೋಬಾಲ್ಟ್ ಹುಡುಕಲು 9,000 ಚದರ ಕಿಲೋಮೀಟರ್ ಜಾಗಕ್ಕೆ ಒಪ್ಪಿಗೆ ಪಡೆದಿದೆ. ನಮ್ಮ ಪತ್ರಿಕೆಗಳಲ್ಲಿ ಇಂಥದ್ದು ದೇಶದ ಸಾಧನೆಯಾಗಿ ಬರುತ್ತದೆ. ಬರಲಿ. ಆದರೆ ನಾಳೆ ಅಲ್ಲಿ ಅಗೆಯುವಾಗ ನಾವು ಯಾವ ರೀತಿಯ ಯಜಮಾನರಾಗುತ್ತೇವೆ ಎಂಬ ಪ್ರಶ್ನೆಯನ್ನು ಇವತ್ತೇ ಕೇಳಬೇಕು. ಆ 9,000 ಚದರ ಕಿಲೋಮೀಟರಿನಲ್ಲಿ ಯಾವ ಹೊಳೆ ಹರಿಯುತ್ತದೆ, ಯಾರು ಆ ನೀರು ಕುಡಿಯುತ್ತಾರೆ, ಕೆಟ್ಟರೆ ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂದು ಕೇಳುವುದು ದೇಶದ್ರೋಹವಲ್ಲ, ವರದಿಗಾರಿಕೆ. ಗುಂಡಿ ತೋಡಿ, ಪೈಪು ಹಾಕಿ, ಕಟ್ಟೆ ಒಡೆದ ಮೇಲೆ ಈ ಪ್ರಶ್ನೆ ಕೇಳಿದರೆ ಉತ್ತರ ಹೇಳುವವರು ಯಾರೂ ಸಿಗುವುದಿಲ್ಲ.